ಒಣಗದ ಗೆರೆ

ಅವರ ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಜಡ್ಡು ಇತ್ತು. ನಲವತ್ತು ವರ್ಷ ಕಲ್ಲು ತಟ್ಟಿ ತಟ್ಟಿ ಬಂದದ್ದು. ಹೊಸ ಹಾಸುಗಲ್ಲು ಎದುರಿಗೆ ಬಂದರೆ ಹೆರವರ ಮನೆಯ ಬಾಗಿಲು ತಟ್ಟುವಷ್ಟು ಮೆಲ್ಲಗೆ ಆ ಗೆಣ್ಣಿನಿಂದ ನಾಲ್ಕು ಮೂಲೆಗೆ ನಾಲ್ಕು ಸಲ, ನಡುವೆ ಒಂದು ಸಲ ತಟ್ಟುತ್ತಿದ್ದರು. ತಲೆ ಒಂದಿಷ್ಟು ಓರೆ, ಕಣ್ಣು ಅರ್ಧ ಮುಚ್ಚಿ. ಗಟ್ಟಿ ಕಲ್ಲು ಗಂಟೆಯ ಹಾಗೆ ಉತ್ತರ ಕೊಡುತ್ತಿತ್ತು. ಒಳಗೆ ಒಡಕಿದ್ದ ಕಲ್ಲಿನ ದನಿ ಗಂಟಲು ಕಟ್ಟಿದವರ ದನಿಯಂತಿರುತ್ತಿತ್ತು. ಬರಬರುತ್ತ ಅದೊಂದು ಚಟವೇ ಆಗಿಹೋಗಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು ತಟ್ಟುವರು, ಮದುವೆ ಮನೆಯಲ್ಲಿ ನೆಲ ತಟ್ಟುವರು. ಒಮ್ಮೆ ನಮ್ಮಲ್ಲಿಗೆ ಚಹಾಕ್ಕೆ ಬಂದಾಗ ಹೊಸ ಟೀಪಾಯಿಯನ್ನು ತಟ್ಟಿ, "ಅಕ್ಕೋರ, ಇದು ಕಟಗೀದಲ್ರೀ, ಹೊಟ್ಟು ಒತ್ತಿ ಮಾಡ್ಯಾರ" ಎಂದು ನಮ್ಮ ಮನೆಯವರ ಮುಖ ಸಪ್ಪಗಾಗಿಸಿದ್ದರು.

ಶಹಾಬಾದದ ಸುಣ್ಣಕಲ್ಲಿನ ಹಾಸುಗಲ್ಲಿಗೆ ನಮ್ಮ ಹುಬ್ಬಳ್ಳಿ ಕಡೆ ಫರಸಿ ಎನ್ನುತ್ತಾರೆ. ಅದನ್ನು ತಂದು, ಕೊಯ್ಯಿಸಿ, ಮನೆ ಮನೆಗೆ ಹಾಸಿಕೊಡುವುದು ಅವರ ಕಸುಬು. ಹಾಗಾಗಿ ನಮ್ಮ ಓಣಿಗೆಲ್ಲ ಅವರು ಫರಸಿ ಕಾಕಾ. ಅಮರಗೋಳದ ಮಾರುಕಟ್ಟೆಗೆ ಹೋಗುವ ರಸ್ತೆಯ ಬದಿಗೆ ಅವರದೊಂದು ತಗಡಿನ ಶೆಡ್ಡು. ಅಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ ಕಲ್ಲಿನ ಸಾಲುಗಳ ನಡುವೆ, ಗರಗದ ಖಾದಿಯ ಬಿಳಿ ಅಂಗಿ ತೊಟ್ಟು ಕೂತಿರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಂಗಿ ಕಲ್ಲಿನ ಬಣ್ಣಕ್ಕೆ ತಿರುಗಿ, ಕತ್ತಿನಲ್ಲಿದ್ದ ಲಿಂಗದ ಕರಡಿಗೆಯೊಂದೇ ಹೊಳೆಯುತ್ತಿತ್ತು. ಬೆಳಿಗ್ಗೆ ಬಿಳಿ ಅಂಗಿ ಯಾಕೆ ಹಾಕುತ್ತೀರಿ ಎಂದು ನಾನು ಕೇಳಿದ್ದಕ್ಕೆ, "ಎಷ್ಟು ದುಡದೇನಿ ಅಂತ ಸಂಜೀಕ ಗೊತ್ತಾಗಬೇಕಲ್ರೀ" ಎಂದಿದ್ದರು.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವಳು. ಅಂಜುಬುರುಕಿ ಎಂದು ಹೆಸರಾದವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಎಷ್ಟು ಸಲ ತಿರುಗಿ ಬಂದಿದ್ದೇನೋ ಲೆಕ್ಕವಿಲ್ಲ. ಯಾರಾದರೂ ಊರಿಗೆ ಹೊರಟರೆ ಅವರು ಮುಟ್ಟಿದ ಸುದ್ದಿ ಬರುವವರೆಗೆ ನನಗೆ ಅನ್ನ ಸೇರುವುದಿಲ್ಲ. ಇಂಥ ನನಗೂ ಕಾಕಾಗೂ ಗಂಟು ಬಿದ್ದದ್ದು ನಮ್ಮ ಮನೆಗೆ ನೆಲ ಹಾಸುವಾಗ.

ಗೃಹಪ್ರವೇಶಕ್ಕೆ ಎಂಟು ದಿನ ಉಳಿದಿತ್ತು. ಕಾಕಾ ಕಲ್ಲು ತಂದರು, ಅಂಗಳದಲ್ಲಿ ಎಲ್ಲವನ್ನೂ ಬಿಸಿಲಿಗೆ ಹಾಸಿದರು, ಕೊಡಗಟ್ಟಲೆ ನೀರು ಹೊಯ್ದರು. ಆಮೇಲೆ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರತೊಡಗಿದರು. ಅರ್ಧ ತಾಸಾಯಿತು, ಏಳಲೇ ಇಲ್ಲ. ಕೆಲಸ ಯಾವಾಗ ಸುರು ಮಾಡುತ್ತೀರಿ ಎಂದೆ.

"ಸುರು ಆಗೇತ್ರಿ. ಸುಮ್ನ ನೋಡ್ರಿ. ಎಲ್ಲಾ ಕಲ್ಲೂ ಒಣಗತಾವ. ಬಿರುಕ ಇದ್ದಲ್ಲಿ ಒಂದು ಗೆರಿ ಹಸೀನ ಉಳೀತೈತಿ. ತಟ್ಟಿದಾಗ ಸುಳ್ಳು ಹೇಳಿದ ಕಲ್ಲು ಒಣಗೂ ಮುಂದ ಖರೇ ಹೇಳತೈತಿ. ನಾವು ಲಗೂ ಮಾಡಬಾರದು ಅಷ್ಟ."

ಹೇಳಿದ ಹಾಗೆಯೇ ಆಯಿತು. ಬೂದು ಬಣ್ಣಕ್ಕೆ ತಿರುಗಿದ ಕಲ್ಲುಗಳ ನಡುವೆ ಮೂರರ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಉಳಿಯಿತು. ಅವನ್ನು ಬದಿಗೆ ತೆಗೆದಿಟ್ಟು, ಬದಲಿಗೆ ಬೇರೆ ಮೂರು ಬರಲು ನಾಲ್ಕು ದಿನ ಬೇಕು ಎಂದರು. ನಾನು ಹಟ ಹಿಡಿದೆ. ಎರಡನ್ನು ಬೇಕಾದರೆ ಬಿಡಿ, ಅಡಿಗೆ ಮನೆಯ ಬಾಗಿಲಿನ ಕಲ್ಲು ಇವತ್ತೇ ಕೂಡಬೇಕು, ಆ ಗೆರೆ ನನಗೆ ಕಾಣುವುದೇ ಇಲ್ಲ ಎಂದೆ. ಕಾಕಾ ನನ್ನ ಮುಖ ನೋಡಿ ಹಾಸಿಕೊಟ್ಟರು. ವರ್ಷ ತುಂಬುವುದರೊಳಗೆ ಆ ಕಲ್ಲು ಅದೇ ಗೆರೆಗುಂಟ ಎರಡಾಯಿತು. ಅವರು ಪ್ರತಿ ದೀಪಾವಳಿಗೆ ಬಂದಾಗ ಅದನ್ನು ನೋಡಿ, "ಬದಲಿ ಮಾಡ್ಲೇನ್ರಿ?" ಎನ್ನುವರು. ನಾನು ನಾಚಿಕೆಗೆ "ಇರಲಿ ಕಾಕಾ" ಎನ್ನುವೆ. ಅದು ಹಾಗೇ ಉಳಿಯಿತು.

ಅವರಿಗೆ ಒಬ್ಬಳೇ ಮಗಳು, ನೀಲಮ್ಮ. ನೀಲಿ ಎಂದೇ ಕರೆಯುವುದು. ನಡೆಯಲು ಕಲಿತದ್ದೇ ಶೆಡ್ಡಿನ ಕಲ್ಲುಸಾಲುಗಳನ್ನು ಹಿಡಿದು. ಐದು ವರ್ಷಕ್ಕೆ ಅವುಗಳ ನೆತ್ತಿಯ ಮೇಲೆ ಕೂತು ಕಾಲಾಡಿಸುತ್ತಿತ್ತು. "ಇಳಿಯವ್ವ, ಇಳಿ, ಕಲ್ಲು ಜಾರಿದ್ರ ನಿನ್ನ ಕೂಡ ನನ್ನೂ ತಗೊಂಡು ಹೋಗತಾವು" ಎಂದು ಕಾಕಾ ಕೂಗುತ್ತಿದ್ದರು. ನನ್ನ ಶಾಲೆಗೆ ಬಂದಳು. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಬಾದಾಮಿಯಲ್ಲಿ ಬಂಡೆ ಹತ್ತುವ ಶಿಬಿರ ಎಂದು ಪತ್ರ ಬಂತು. ಹುಡುಗಿಯರ ಜೊತೆ ಹೋಗಬೇಕಾದವಳು ನಾನೇ. ಕಾಕಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ.

ಯಾಕೆಂದು ಕೇಳಲು ಶೆಡ್ಡಿಗೆ ಹೋದೆ. ಆಗ ಅವರು ತಮ್ಮ ಅಣ್ಣನ ವಿಷಯ ಹೇಳಿದರು. ಹರೆಯದಲ್ಲಿ ಅಣ್ಣ ತಮ್ಮ ಇಬ್ಬರೂ ಶಹಾಬಾದದ ಕಡೆ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದರಂತೆ. ಅಲ್ಲಿ ಕಲ್ಲು ಹಾಳೆಯ ಮೇಲೆ ಹಾಳೆ ಇಟ್ಟ ಹಾಗೆ ಪದರ ಪದರವಾಗಿ ಇರುತ್ತದೆ. ಪದರದ ನಡುವೆ ಬೆಣೆ ಹೊಡೆದರೆ ಹಾಸು ಮೇಲಕ್ಕೇಳುತ್ತದೆ. ಒಂದು ಸಲ ಮೂರು ದಿನ ಮಳೆ ಹೊಡೆದು ನಾಲ್ಕನೆಯ ದಿನ ಛಲೋ ಬಿಸಿಲು ಬಿತ್ತು. ಎಲ್ಲ ಒಣಗಿತು ಎಂದು ಅಣ್ಣ ಕೆಳಗಿಳಿದರು, ಮೇಲಿನ ಹಾಸು ಕುಸಿದು ಅಲ್ಲೇ ಉಳಿದರು.

"ಮಳ್ಯಾಗ ಬೀಳಲಿಲ್ರಿ ಅದು. ಬಿಸಲಾಗ ಬಿತ್ತು. ಮ್ಯಾಲೆ ಒಂದು ಗೆರಿ ಹಸಿ ಇತ್ತು. ನಾ ನೋಡಿದ್ದೆ. ಅಣ್ಣಗ ಏನು ಹೇಳೂದು, ನಗತಾನ ಅಂತ ಸುಮ್ನಿದ್ದೆ."

ಆದರೂ ಶೆಡ್ಡಿನ ಬಾಗಿಲಲ್ಲಿ ನಿಂತ ನೀಲಿಯ ಮುಖ ನೋಡಿ, ಹುಟ್ಟಾ ಅಂಜುಬುರುಕಿಯಾದ ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಇಂದಿಗೂ ತಿಳಿಯದು. "ಜವಾಬ್ದಾರಿ ನಂದು ಕಾಕಾ" ಎಂದೆ. ಅವರು ಬಹಳ ಹೊತ್ತು ಕಲ್ಲು ತಟ್ಟುತ್ತ ಕೂತು, ಕಡೆಗೆ ಸಹಿ ಹಾಕಿದರು. "ನಿಮ್ಮ ಮಾತಿನ ಮ್ಯಾಲೆ ಬಿಡಾಕತ್ತೇನಿ, ಅಕ್ಕೋರ" ಎಂದರು.

ಅಲ್ಲಿಗೆ ಹುಡುಗಿ ಕೈಬಿಟ್ಟು ಹೋದಳೆಂದೇ ಲೆಕ್ಕ. ಓದು ಮುಗಿಸಿ ಬಾದಾಮಿಯಲ್ಲೇ ಬಂಡೆ ಹತ್ತುವುದನ್ನು ಕಲಿಸುವ ಕೆಲಸ ಹಿಡಿದಳು. ವಾರಕ್ಕೊಮ್ಮೆ ಮನೆಗೆ ಬರುವಳು, ಬಂದಾಗಲೆಲ್ಲ ಬೆರಳ ತುದಿಗಳು ಕಿತ್ತಿರುತ್ತಿದ್ದವು. ಚಳಿಗಾಲದಲ್ಲಿ ಬಾದಾಮಿಗೆ ಬರುವ ಪರದೇಶದವರಲ್ಲಿ ಆಸ್ಟ್ರಿಯಾದ ಒಬ್ಬ ಹೆಂಗಸು ಇವಳಿಗೆ ಗೆಳತಿಯಾದಳು. ಅವಳ ಊರು ಆಲ್ಪ್ಸಿನ ಡಾಖ್‌ಸ್ಟೈನ್ ಎಂಬ ಶಿಖರದ ತಪ್ಪಲಿನಲ್ಲಿ. ಹೋದ ವರ್ಷ ಬೇಸಿಗೆ ಕಳೆಯುತ್ತಲೇ ನೀಲಿ ಸುದ್ದಿ ತಂದಳು. ಗೆಳತಿ ಕರೆದಿದ್ದಾಳೆ, ಶ್ರಾವಣದಲ್ಲಿ ಹದಿನೈದು ದಿನ ಹೋಗಿ ಬರುತ್ತೇನೆ, ಆ ಶಿಖರದ ದಕ್ಷಿಣದ ಗೋಡೆಯನ್ನು ಇಬ್ಬರೂ ಹತ್ತುತ್ತೇವೆ ಎಂದು.

ಕಾಕಾ ಕೇಳಿದ್ದು ಒಂದೇ ಮಾತು. "ಯಾವ ಕಲ್ಲದು?"

"ಸುಣ್ಣಕಲ್ಲು, ಅಪ್ಪಾ. ನಮ್ಮ ಫರಸಿ ಇದ್ದಂಗ."

ಅದನ್ನು ಅವಳು ಸಮಾಧಾನಕ್ಕೆ ಹೇಳಿದ್ದಳು. ಕಾಕಾ ಕೈಯಲ್ಲಿದ್ದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಹಾಗೇ ಕೆಳಗಿಟ್ಟರು. ಮಿಕ್ಕವರಿಗೆ ಅದು ದೂರದೇಶದ ಹಿಮದ ಗುಡ್ಡ. ಕಾಕಾಗೆ ಅದು ಗೊತ್ತಿದ್ದ ಕಲ್ಲು.

ಅಂದಿನಿಂದ ದಿನಾ ಸಂಜೆ ಐದಕ್ಕೆ ನಮ್ಮ ಮನೆಗೆ ಬರತೊಡಗಿದರು. ಆ ಗುಡ್ಡದ ವಿಷಯ ನಾನು ಫೋನಿನಲ್ಲಿ ಇಂಗ್ಲಿಷಿನಿಂದ ಓದಿ ಹೇಳಬೇಕು. ಕುರ್ಚಿ ಕೊಟ್ಟರೂ ತಾವೇ ಹಾಸಿದ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂಡುವರು. ಪಾಠ ಮಾಡಿ ರೂಢಿಯಾದ ನನಗೂ ಹುರುಪು. ಅದು ಇಪ್ಪತ್ತು ಕೋಟಿ ವರ್ಷದ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಕೂತ ಕೆಸರು, ಚಿಪ್ಪುಗಳ ರಾಶಿ. ಆಮೇಲೆ ದಕ್ಷಿಣದ ಭೂಭಾಗ ಬಂದು ಒತ್ತಿ, ಮಡಚಿ, ಆ ತಳವನ್ನೇ ಮೇಲಕ್ಕೆತ್ತಿತು ಎಂದೆ. ಅಲ್ಲಿನ ಕಲ್ಲಿನಲ್ಲಿ ಆ ಕಾಲದ ದೊಡ್ಡ ಚಿಪ್ಪುಗಳ ಗುರುತು ಇವೆ, ಅಡ್ಡ ಕೊಯ್ದಂತೆ ಕಾಣುವ ಅವು ಆಕಳ ಗೊರಸು ಊರಿದ ಹಾಗಿವೆ ಎಂದು ಅಲ್ಲಿಯ ಹಳ್ಳಿಯವರು ಅದೇ ಹೆಸರಿನಿಂದ ಕರೆಯುತ್ತಾರೆ ಎಂದೂ ಓದಿದೆ. ಕಾಕಾಗೆ ಅದು ಬಹಳ ಹಿಡಿಸಿತು. "ಅವರೂ ದನದ ಮಂದೀನ ಹಂಗಾರ" ಎಂದರು. ನಮ್ಮ ಶಹಾಬಾದದ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, ಚಿಪ್ಪಿನ ಜೀವ ಹುಟ್ಟುವುದಕ್ಕೂ ಮೊದಲಿನದು ಎಂದಾಗ ನೆಲವನ್ನು ಒಮ್ಮೆ ಕೈಯಿಂದ ಸವರಿದರು.

ಎತ್ತರ ಮೂರು ಸಾವಿರ ಮೀಟರಿಗೆ ಐದೇ ಕಡಿಮೆ ಎಂದು ಓದಿದ ದಿನ, "ಆ ಐದನ್ನ ಮಳಿ ತಿಂದಿರಬೇಕ್ರಿ" ಎಂದರು. ತಮಾಷೆಗೆ ಅಂದರೆಂದು ನಾನು ನಕ್ಕೆ. ಅವರು ನಗಲಿಲ್ಲ. "ಸುಣ್ಣಕಲ್ಲು ಮಳ್ಯಾಗ ಕರಗತೈತಿ. ಹೊರಗಿಂದ ಗೊತ್ತಾಗಂಗಿಲ್ಲ. ಒಳಗ ತೂತ ಬಿದ್ದಿರತಾವ. ಪದರದ ನಡುವ ಮಣ್ಣಿದ್ರ ಮುಗೀತು. ಐತೇನು ನೋಡ್ರಿ." ನೋಡಿದೆ. ದಪ್ಪ ಪದರಗಳ ನಡುವೆ ತೆಳ್ಳಗೆ ಮಣ್ಣು ಬೆರೆತ ಪದರಗಳು ಇರುತ್ತವೆ ಎಂದೇ ಬರೆದಿತ್ತು. ನಾನು ಅದನ್ನು ಓದದೆ ಕೆಳಗಿನ ಸಾಲಿಗೆ ಹಾರಿದೆ. ಅವರು ನನ್ನ ಮುಖ ನೋಡಿ ಗೊತ್ತು ಮಾಡಿಕೊಂಡರು.

ಮನಸ್ಸು ಬೇರೆ ಕಡೆ ತಿರುಗಲಿ ಎಂದು ಹತ್ತಿದವರ ಚರಿತ್ರೆ ಹಿಡಿದೆ. ಹತ್ತಿರ ಹತ್ತಿರ ಇನ್ನೂರು ವರ್ಷದ ಹಿಂದೆ ಆ ಕಡೆಯವನೇ ಒಬ್ಬ ಮೊದಲ ಸಲ ತುದಿ ಮುಟ್ಟಿದ್ದು, ಆಮೇಲೆ ಒಬ್ಬ ಭೂಗೋಳದ ಪಂಡಿತ ಹತ್ತುವವರಿಗೆಂದು ಬಂಡೆಗೆ ಕಬ್ಬಿಣದ ಬಳೆ ಬಡಿಸಿ, ಹಗ್ಗ ಕಟ್ಟಿಸಿ, ಮೆಟ್ಟಿಲು ಕಡಿಸಿದ್ದು. ಭೂಗೋಳದ ಪಂಡಿತ ಎನ್ನುವಾಗ ನನ್ನ ದನಿ ಒಂದಿಷ್ಟು ಏರಿರಬೇಕು. ಕಾಕಾ, "ಸುಣ್ಣಕಲ್ಲಾಗ ಕಬ್ಬಿಣ ಬಡದ್ರ ಜಂಗ ಹಿಡದು ಕಲ್ಲನ್ನ ಒಡೀತೈತಿ. ಅವರಿಗೆ ಯಾರರ ಹೇಳಬೇಕಿತ್ತು" ಎಂದರು. ದಕ್ಷಿಣದ ಗೋಡೆ ಎಂಟು ನೂರು ಮೀಟರಿನಷ್ಟು ನೆಟ್ಟಗಿದೆ, ಅದನ್ನು ಯಾರೂ ಹತ್ತಲಾರರು ಎನ್ನುತ್ತಿದ್ದಾಗ ತಪ್ಪಲಿನ ಇಬ್ಬರು ಅಣ್ಣ ತಮ್ಮಂದಿರು ನೂರು ವರ್ಷಕ್ಕೂ ಹಿಂದೆ ಹತ್ತಿದರು ಎಂದು ಓದಿದೆ. ಅಣ್ಣ ತಮ್ಮ ಎಂದ ಕೂಡಲೇ ಕಾಕಾ ತಲೆ ಎತ್ತಿದರು.

"ಇಬ್ಬರೂ ಹೊಳ್ಳಿ ಬಂದ್ರೇನು?"

"ಬಂದರು ಕಾಕಾ."

"ಅವರ ಅವ್ವ ಮನ್ಯಾಗ ಏನು ಮಾಡಾಕತ್ತಿದ್ಲು, ಬರದಾರೇನು?"

ಇಲ್ಲ ಎಂದೆ. "ಹತ್ತಿದವರದಷ್ಟ ಬರೀತಾರ" ಎಂದು ಎದ್ದು ಹೋದರು.

ನೀಲಿ ಹೊರಡುವ ಮುಂಚೆ ನನ್ನನ್ನು ಕಾಣಲು ಬಂದಳು. ನನ್ನ ಕೈ ಹಿಡಿದು ಒಂದು ಮಾತು ಕೇಳಿಕೊಂಡಳು. "ಅಕ್ಕೋರ, ನಾ ಹತ್ತೂ ಮುಂದ ಅಪ್ಪನ ಅಂಜಿಕಿ ನನಗ ಕಳಸಬ್ಯಾಡ್ರಿ. ಅವನ ದನಿ ಕಿವ್ಯಾಗ ಬಂತಂದ್ರ ನನ್ನ ಕೈ ನಡಗತಾವು. ನೀವು ನಡುವ ನಿಂತ್ಕೋರಿ." ನಾನು ಆಗಲಿ ಎಂದೆ. ಎರಡನೆಯ ಸಲ ನಾನು ಮಾತು ಕೊಟ್ಟದ್ದು.

ಶ್ರಾವಣದ ಜಿಟಿ ಜಿಟಿ ಮಳೆ ಹುಬ್ಬಳ್ಳಿಯನ್ನು ಹಿಡಿದುಕೊಂಡಿತ್ತು. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಆ ಶಿಖರದ ಎದುರಿಗೆ ಅಲ್ಲಿಯವರು ಒಂದು ಕ್ಯಾಮೆರಾ ಇಟ್ಟಿದ್ದಾರೆ, ಹತ್ತು ನಿಮಿಷಕ್ಕೊಮ್ಮೆ ಗೋಡೆಯ ಹೊಸ ಚಿತ್ರ ಬರುತ್ತದೆ ಎಂದು ನೀಲಿಯೇ ತೋರಿಸಿಕೊಟ್ಟು ಹೋಗಿದ್ದಳು. ಅವಳು ಶುಕ್ರವಾರ ಬೆಳಗಾಗುವ ಮುಂಚೆ ಹತ್ತಲು ಸುರು ಮಾಡಿ, ಅವತ್ತೇ ಸಂಜೆ ಫೋನ್ ಮಾಡುತ್ತೇನೆ ಎಂದಿದ್ದಳು. ಬುಧವಾರ ಅಲ್ಲಿಯೂ ಮಳೆ ಹೊಡೆಯಿತು. ಗುರುವಾರ ಬಿಸಿಲು ಬಿತ್ತು.

ಗುರುವಾರ ಮಧ್ಯಾಹ್ನ ಎರಡಕ್ಕೆ ಕಾಕಾ ಬಂದರು. ನಾನು ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದಾಗಿ ತೆರೆದೆ. ಕಪ್ಪಗೆ ತೊಯ್ದ ಗೋಡೆ ನೋಡನೋಡುತ್ತ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಹತ್ತು ನಿಮಿಷಕ್ಕೊಂದು ಚಿತ್ರ. ನಾಲ್ಕು ತಾಸು ಕೂತರು. ನಮ್ಮ ಅಂಗಳದಲ್ಲಿ ಕಲ್ಲು ಒಣಗುವುದನ್ನು ನೋಡುತ್ತ ಕೂತ ಹಾಗೆಯೇ ಕೂತಿದ್ದರು. ಚಹಾ ಎರಡು ಸಲ ಆರಿತು. ಆರು ಗಂಟೆಗೆ ಎದ್ದು ಬಂದು, ಪರದೆಯ ಮೇಲೆ, ಗೋಡೆಯ ಮೇಲ್ಭಾಗದಲ್ಲಿ ಓರೆಯಾಗಿ ಹೋದ ಒಂದು ಕಪ್ಪು ಗೆರೆಯ ಹತ್ತಿರ ಬೆರಳು ಒಯ್ದರು.

"ಎಲ್ಲಾ ಒಣಗೇತಿ. ಇದು ಒಂದ ಒಣಗವಲ್ದು. ಅಕ್ಕೋರ, ಅಕಿಗೆ ಬರೀರಿ. ಆ ಗೆರಿ ಒಣಗೂತನಕ ಅದರ ಬುಡಕ ಹೋಗಬ್ಯಾಡ, ಅಪ್ಪ ನೋಡ್ಯಾನ ಅಂತ ಬರೀರಿ."

"ಇಷ್ಟು ದೂರದಿಂದ ಕಂಡದ್ದು ಖರೇ ಅಂತ ಹೆಂಗ ಹೇಳೂದು ಕಾಕಾ? ನೆರಳು ಇದ್ರೂ ಇರಬಹುದು."

"ನಮ್ಮ ಅಣ್ಣನ ಮುಂದೂ ನಾನು ಹಿಂಗ ಅಂದ್ಕೊಂಡಿದ್ದೆ."

ಫೋನ್ ತೆಗೆದುಕೊಂಡೆ. ಕಾಕಾಗೆ ಓದಲು ಬರುತ್ತಿತ್ತು, ಆದರೆ ಓದುವ ಕನ್ನಡಕ ಮರೆತು ಬಂದಿದ್ದರು. ಅವರು ಹೇಳಿದ ಹಾಗೆ ಪೂರ್ತಿ ಬರೆದೆ. ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ನಾಳೆ ನಸುಕಿನಲ್ಲಿ ಏಳಬೇಕಾದ ಹುಡುಗಿ. ಅಂಜಿದರೆ ಕೈ ನಡುಗುತ್ತವೆ ಎಂದವಳು. ಆ ಗೆಳತಿ ಅಲ್ಲಿಯೇ ಹುಟ್ಟಿ ಬೆಳೆದವಳು, ಅವಳಿಗೆ ತಿಳಿಯದ್ದು ಹುಬ್ಬಳ್ಳಿಯಲ್ಲಿ ಕೂತ ನಮಗೆ ತಿಳಿಯುತ್ತದೆಯೇ? ಇದೆಲ್ಲ ನಾನು ನನಗೆ ಹೇಳಿಕೊಂಡದ್ದು. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಆಸ್ಟ್ರಿಯಾದವಳು ಓದಿಸಿಕೊಂಡು ನಕ್ಕಾಳು ಎಂದು ನನಗೆ ನಾಚಿಕೆ ಅನ್ನಿಸಿತ್ತು. ಬರೆದದ್ದನ್ನು ಅಳಿಸಿದೆ.

"ಕಳಿಸಿದ್ರೇನ್ರಿ?"

"ಹೂಂ, ಕಳಿಸಿದೆ ಕಾಕಾ."

ಅವರು ಉಸಿರು ಬಿಟ್ಟು, "ಶಿವಾ" ಎಂದು ಮೇಲೆದ್ದರು. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನನ್ನು ನೋಡಿ ನಕ್ಕರು.

ಶುಕ್ರವಾರ ಅಲ್ಲಿ ಬೆಳಗಾಗುವ ಹೊತ್ತಿಗೆ, ನಮ್ಮ ಹತ್ತು ಗಂಟೆಗೆ, ಕ್ಯಾಮೆರಾ ತೆರೆದೆ. ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಗೆರೆ ಅಲ್ಲಿಯೇ ಇತ್ತು. ಅಷ್ಟು ದೂರದಿಂದ ಮನುಷ್ಯರು ಕಾಣುವುದಿಲ್ಲ, ಆದರೂ ನಾನು ಕಣ್ಣು ಕಿರಿದು ಮಾಡಿ ಮಾಡಿ ಹುಡುಕಿದೆ. ಮಧ್ಯಾಹ್ನದ ಹೊತ್ತಿಗೆ ಮೋಡ ಬಂದು ಗೋಡೆಯೇ ಮುಚ್ಚಿಹೋಯಿತು. ಹತ್ತು ನಿಮಿಷಕ್ಕೊಂದು ಚಿತ್ರ ಬರುತ್ತಲೇ ಇತ್ತು, ಎಲ್ಲವೂ ಬರೀ ಬಿಳಿ. ಸಂಜೆಯಾಯಿತು, ರಾತ್ರಿಯಾಯಿತು, ಫೋನ್ ಬರಲಿಲ್ಲ. ನಾನು ಮಾಡಿದರೆ ಹೋಗಲಿಲ್ಲ. ಗೆಳತಿಯ ನಂಬರ್ ತೆಗೆದುಕೊಂಡಿರಲಿಲ್ಲ. ಇಷ್ಟೆಲ್ಲ ಅಂಜುವವಳು ಆ ಒಂದು ನಂಬರ್ ಕೇಳಿ ಇಟ್ಟುಕೊಂಡಿರಲಿಲ್ಲ.

ಶನಿವಾರ ಕಾಕಾ ಶೆಡ್ಡಿಗೆ ಹೋಗಲಿಲ್ಲ. ಎಂಟಕ್ಕೇ ಕಾಕಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಕಾಕಿ ದೇವರ ಕೋಣೆಯ ಬಾಗಿಲಿಗೆ ಒರಗಿ ಕೂತು ಲಿಂಗವನ್ನು ಅಂಗೈಯಲ್ಲಿ ಹಿಡಿದಳು. ಕಾಕಾ ನಡುಮನೆಯಲ್ಲಿ ಕೂತು ನೆಲ ತಟ್ಟತೊಡಗಿದರು. ಒಂದು ಕಲ್ಲು, ಅದರ ಪಕ್ಕದ ಕಲ್ಲು, ಆಮೇಲೆ ಮತ್ತೊಂದು. ಹೊರಗೆ ಮಳೆ. ನಾನು ಚಿತ್ರ ನೋಡುವುದು, ಫೋನ್ ನೋಡುವುದು, ಅಡಿಗೆ ಮನೆಗೆ ಹೋಗಿ ಏನೂ ತರದೆ ವಾಪಸ್ ಬರುವುದು. ಆ ಒಡೆದ ಕಲ್ಲನ್ನು ದಾಟಿ ದಾಟಿ ಹೋಗುತ್ತಿದ್ದೆ.

ಹನ್ನೊಂದರ ಸುಮಾರಿಗೆ ಕಾಕಾ ತಟ್ಟುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಅಂಜಬ್ಯಾಡ್ರಿ ಅಕ್ಕೋರ. ನೀವು ಹೇಳೀರಲ್ಲ. ಅಕಿ ಎಲ್ಲೆರ ನಿಂತಿರತಾಳ."

ಸಮಾಧಾನ ಬೇಕಾದವರು ನನಗೆ ಸಮಾಧಾನ ಹೇಳುತ್ತಿದ್ದರು, ನಾನು ಹೇಳದೆ ಬಿಟ್ಟ ಮಾತನ್ನೇ ಹಿಡಿದುಕೊಂಡು. ಈಗಲಾದರೂ ಹೇಳಿಬಿಡಬೇಕು ಎಂದುಕೊಂಡೆ. ಹೇಳಿದರೆ ಅವರಿಗೆ ಉಳಿದಿರುವ ಆ ಒಂದು ಆಸರೆಯೂ ಹೋಗುತ್ತದೆ. ಹೇಳದಿದ್ದರೆ? ಬಾಯಿ ತೆರೆದು, "ಚಹಾ ಮಾಡಲೇನು?" ಎಂದೆ. ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ದೇವರಲ್ಲಿ ನಾನು ಬೇಡಿಕೊಂಡದ್ದು ನೀಲಿಯ ಜೀವವನ್ನೇ. ಆದರೆ ಅದರ ಜೊತೆಗೆ, ಕಾಕಾಗೆ ನನ್ನ ಸುಳ್ಳು ಗೊತ್ತಾಗದಿರಲಿ ಎಂದೂ ಬೇಡಿಕೊಂಡೆ. ಅಂಥ ಹೊತ್ತಿನಲ್ಲಿಯೂ ಬೇಡಿಕೊಂಡೆ.

ನಾಲ್ಕೂವರೆಗೆ ಫೋನ್ ಬಂತು. ಪರದೇಶದ ನಂಬರು. ಕಾಕಿ ಫೋನ್ ಹಿಡಿದುಕೊಂಡಳು, ನಾನು ಗುಂಡಿ ಒತ್ತಿದೆ. ನೀಲಿಯ ದನಿ ಮನೆಯೆಲ್ಲ ತುಂಬಿತು. ಗುಡ್ಡದ ಬುಡದಲ್ಲಿರುವ ವಸತಿಯಿಂದ ಮಾತಾಡುತ್ತಿದ್ದಳು. ಮೋಡ ಮುಸುಕಿ ಮಳೆ ಹೊಡೆದದ್ದರಿಂದ ರಾತ್ರಿ ಗೋಡೆಯ ನಡುವೆ ಹೊರಗೆ ಚಾಚಿದ ಒಂದು ಕಲ್ಲಿನ ಮೇಲೆ ಇಬ್ಬರೂ ಹಗ್ಗ ಕಟ್ಟಿಕೊಂಡು ಕೂತಿದ್ದರಂತೆ. ಫೋನುಗಳು ಮಳೆಗೆ ತೊಯ್ದು ಸತ್ತಿದ್ದವು. ಬೆಳಗಾದ ಮೇಲೆ ಒಂದೊಂದೇ ಹಗ್ಗ ಬಿಟ್ಟುಕೊಂಡು ಕೆಳಗಿಳಿದಿದ್ದರು.

"ತುದಿ ಮುಟ್ಟಲಿಲ್ಲ ಅಪ್ಪಾ. ಅರ್ಧಕ್ಕಿಂತ ಮ್ಯಾಲೆ ಹೋಗಿದ್ವಿ. ಗೆಳತಿ ಹೋಗೂನು ಅಂದ್ಲು. ನಾನ ಒಲ್ಲೆ ಅಂದೆ. ಮ್ಯಾಲೆ ಒಂದ ಗೆರಿ ಒಣಗಿದ್ದಿಲ್ಲ."

ಕಾಕಾ ಫೋನಿಗೆ ಅಲ್ಲ, ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ನೀವು ಹೇಳಿದ್ದಕ್ಕ" ಎಂದರು. ಕಣ್ಣಿಂದ ನೀರು ಇಳಿದು ಗಡ್ಡದ ಕೂಳೆಯಲ್ಲಿ ನಿಂತಿತ್ತು. ಇಪ್ಪತ್ತು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ತಲೆ ತಗ್ಗಿಸಿದೆ, ಅವರು ಅದನ್ನು ವಿನಯ ಎಂದು ತಿಳಿದರು ಎಂದು ನಾನು ತಿಳಿದೆ.

ನೀಲಿ ಬರುವಾಗ ಅಂಗೈಯಗಲದ ಒಂದು ಕಲ್ಲು ತಂದಳು. ಗುಡ್ಡದ ಬುಡದಲ್ಲಿ ಬಿದ್ದದ್ದು, ಮೈಮೇಲೆ ಆಕಳ ಗೊರಸಿನ ಗುರುತು. ಕಾಕಾ ಅದನ್ನು ಗೆಣ್ಣಿನಿಂದ ತಟ್ಟಿ ಕೇಳಿ, "ಛಲೋ ಕಲ್ಲೈತಿ. ಒಂದೊಂದು ಕಲ್ಲು ಛಲೋನ ಇರತೈತಿ, ಕೂಡಿ ನಿಂತಾಗ ಗೊತ್ತಾಗೂದಿಲ್ಲ" ಎಂದು ಶೆಡ್ಡಿನ ಗೂಡಿನಲ್ಲಿ ಇಟ್ಟರು. ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿ, ಇಪ್ಪತ್ತು ಕೋಟಿ ವರ್ಷದ ಕತೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ಆ ದೀಪಾವಳಿಗೆ ಎಂದಿನಂತೆ ನಮ್ಮ ಮನೆಗೆ ಬಂದರು. ನಾನು ಆಗಷ್ಟೇ ನೆಲ ಒರೆಸಿದ್ದೆ. ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಆ ಒಡೆದ ಕಲ್ಲನ್ನು ನೋಡಿದರು, ಈ ಸಲ ಬದಲಿ ಮಾಡಲೇನು ಎಂದು ಕೇಳಲಿಲ್ಲ. ಕೂತು ಎಲೆ ಹಾಕಿಕೊಂಡರು. ಬಹಳ ಹೊತ್ತು ನೆಲ ಒಣಗುವುದನ್ನು ನೋಡುತ್ತಿದ್ದು, "ಅಕ್ಕೋರ, ಏನರ ಹೇಳೂದಿತ್ತೇನ್ರಿ?" ಎಂದರು.

"ಇಲ್ಲ ಕಾಕಾ, ಏನಿಲ್ಲ" ಎಂದೆ.

"ಆತು ಬಿಡ್ರಿ" ಎಂದರು. ಮತ್ತೂ ಒಂದಿಷ್ಟು ಹೊತ್ತು ಕೂತಿದ್ದು ಹೋದರು.

ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹತ್ತಿತು. ಅಷ್ಟು ವರ್ಷದ ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ನಾನು ನೋಡಲು ಹೋದಾಗಲೆಲ್ಲ ಇವತ್ತು ಹೇಳಿಬಿಡಬೇಕು ಎಂದೇ ಹೋಗುತ್ತಿದ್ದೆ. ಹೋದ ಮೇಲೆ ಅವರ ಉಸಿರಾಟ ನೋಡಿ, ಆರಾಮಾಗಲಿ, ಆಮೇಲೆ ಹೇಳೋಣ ಎನ್ನಿಸುತ್ತಿತ್ತು. ಶಿವರಾತ್ರಿಗೆ ಇನ್ನೂ ಹದಿನೈದು ದಿನವಿರುವಾಗ ಅವರು ಹೋದರು. ಅವರ ಪದ್ಧತಿಯಂತೆ ಕೂರಿಸಿ, ಹೂವು ಹಾಕಿ, ವಿಭೂತಿ ಹಚ್ಚಿದ್ದರು. ಬಲಗೈ ಮಡಿಲಲ್ಲಿತ್ತು. ನಾನು ಆ ಗೆಣ್ಣನ್ನು ಮುಟ್ಟಿ ಬಂದೆ.

ಹೋದ ತಿಂಗಳು ನೀಲಿ ಒಂದು ಕಲ್ಲು, ಒಂದು ಬುಟ್ಟಿ ಸಿಮೆಂಟು ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಶೆಡ್ಡನ್ನು ಈಗ ವಾರದಲ್ಲಿ ನಾಲ್ಕು ದಿನ ಅವಳೇ ನೋಡಿಕೊಳ್ಳುತ್ತಾಳೆ. ಅಪ್ಪ ಬಾಕಿ ಉಳಿಸಿದ ಕೆಲಸ ಇದೊಂದೇ, ಅಡಿಗೆ ಮನೆಯ ಕಲ್ಲು ಬದಲಿಸಿ ಕೊಡುತ್ತೇನೆ ಎಂದಳು. ಅವಳು ನೆಲಕ್ಕೆ ಕೂತು ಉಳಿ ತೆಗೆಯುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬರೆದದ್ದು, ಅಳಿಸಿದ್ದು, ಕಳಿಸಿದೆ ಎಂದದ್ದು. ಹೇಳುವಾಗ ನನ್ನ ವಯಸ್ಸು, ನಾನು ಅವಳ ಟೀಚರು ಎಂಬುದು, ಏನೂ ನೆನಪಿರಲಿಲ್ಲ.

ನೀಲಿ ಉಳಿಯನ್ನು ಕೆಳಗಿಟ್ಟಳು.

"ಅಪ್ಪಗ ಗೊತ್ತಿತ್ರಿ ಅಕ್ಕೋರ. ನಾ ಬಂದ ದಿವಸಾನ ಕೇಳಿದ. ಅಕ್ಕೋರು ಕಳಿಸಿದ್ದು ಓದಿ ತೋರಸು ಅಂದ. ಏನೂ ಬಂದಿಲ್ಲ, ನನ್ನ ಕಣ್ಣಿಲೇ ನೋಡಿ ನಿಂತಿದ್ದೆ ಅಂದೆ. ಆಮ್ಯಾಲೆ, ಇದನ್ನ ಅವರಿಗೆ ನೀ ಕೇಳಬ್ಯಾಡ ಅಂದ. ಅವರಾಗೇ ಹೇಳತಾರ, ನಾವು ಲಗೂ ಮಾಡಬಾರದು ಅಂದ."

ದೀಪಾವಳಿಯ ಆ ಮಧ್ಯಾಹ್ನ ಅವರು ಎಲೆ ಹಾಕಿಕೊಂಡು ಅಷ್ಟು ಹೊತ್ತು ಯಾಕೆ ಕೂತಿದ್ದರು ಎಂದು ನನಗೆ ಈಗ ತಿಳಿಯಿತು. ಅವರು ಕಾದಿದ್ದರು. ನಾನು ಏನಿಲ್ಲ ಎಂದಿದ್ದೆ.

"ಸಿಟ್ಟು ಬಂದಿತ್ತೇನವ್ವ ಅವರಿಗೆ?" ಎಂದು ಕೇಳಿದೆ.

"ಇಲ್ರಿ. ನಮ್ಮ ದೊಡ್ಡಪ್ಪಗ ತಾನೂ ಹೇಳಿದ್ದಿಲ್ಲ ಅಂತ ಅಂದ."

ಅವಳು ಮತ್ತೆ ಉಳಿ ಎತ್ತಿಕೊಂಡು, "ಒಡೀಲೇನ್ರಿ?" ಎಂದಳು. ಬೇಡ ಎಂದೆ. ಹೊಸ ಕಲ್ಲನ್ನು ಹಿತ್ತಲಿನ ಗೋಡೆಗೆ ಒರಗಿಸಿ, ಚಹಾ ಕುಡಿದು, ಸಂಜೆಯ ಬಸ್ಸಿಗೆ ಅವಳು ಬಾದಾಮಿಗೆ ಹೋದಳು. ಮುಟ್ಟಿದ ಮೇಲೆ ಫೋನ್ ಮಾಡು ಎಂದು ಬಾಗಿಲವರೆಗೆ ಹೋಗಿ ಮೂರು ಸಲ ಹೇಳಿದೆ.

ಈಗ ದಿನಾ ಮುಂಜಾನೆ ನೆಲ ಒರೆಸಿದ ಮೇಲೆ ಅಲ್ಲಿಯೇ ಮಣೆ ಹಾಕಿಕೊಂಡು ಕೂಡುತ್ತೇನೆ. ನಡುಮನೆ ಒಣಗುತ್ತದೆ, ಅಡಿಗೆ ಮನೆ ಒಣಗುತ್ತದೆ. ಬಾಗಿಲ ಹತ್ತಿರದ ಆ ಗೆರೆ ಎಲ್ಲಕ್ಕೂ ಕೊನೆಗೆ ಒಣಗುತ್ತದೆ. ಅಲ್ಲಿಯವರೆಗೆ ನಾನು ಏಳುವುದಿಲ್ಲ.